ಸಭೆಯ ಹಾಡು, ಪೇಟಿ, ಹಲಗಿ: ಕ್ರೈಸ್ತರು ಸಂಗೀತವನ್ನು ಹೇಗೆ ನೋಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪೇಟಿ (ಹಾರ್ಮೋನಿಯಂ) ನುಡಿಸುತ್ತೇನೆ. ಶನಿವಾರ ಸಂಜೆ ಹಾಡಿನ ಪ್ರ್ಯಾಕ್ಟೀಸ್ ನನ್ನದೇ ಜವಾಬ್ದಾರಿ. ಬೆಳಗಾವಿ, ವಿಜಯಪುರ ಕಡೆಯ ಸಭೆಗಳವರು ಕರೆದರೆ ಅಲ್ಲಿಗೂ ಹೋಗುತ್ತೇನೆ. ಹೋದಲ್ಲೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಆರಾಧನೆ ಮುಗಿದು ಚಹಾ ಕುಡಿಯುವಾಗ ಕೇಳಿದ್ದು, ಪತ್ರ ಬರೆದು ಕೇಳಿದ್ದು, ವಾಟ್ಸಾಪ್‌ನಲ್ಲಿ ಬಂದಿದ್ದು ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲ ಪ್ರಶ್ನೆಗಳು

ಹಾಡಾಕ ತತ್ವಶಾಸ್ತ್ರ ಯಾಕ್ರಿ ಬೇಕು? ಸುಮ್ನ ಹಾಡಿದ್ರ ಸಾಕಾಗೂದಿಲ್ಲೇನು?

ಸಾಕಾಗುತ್ತದೆ, ಜಗಳ ಬರುವ ತನಕ. ಡ್ರಮ್ಸ್ ಬೇಕಾ ಬೇಡ್ವಾ, ಹಳೇ ಹಾಡಾ ಹೊಸದಾ ಅಂತ ಮಾತು ಶುರುವಾದ ಕೂಡಲೇ ಎಲ್ಲರ ತಲೆಯಲ್ಲೂ ಮೊದಲೇ ಒಂದು ತತ್ವ ಇದ್ದದ್ದು ಗೊತ್ತಾಗುತ್ತದೆ. ಒಬ್ಬರಿಗೆ ಸಂಗೀತ ಅಂದರೆ ಮಾತನ್ನು ಹೊತ್ತು ತರುವ ಗಾಡಿ. ಇನ್ನೊಬ್ಬರಿಗೆ ಮನಸ್ಸು ಬಿಸಿ ಮಾಡುವ ಒಲೆ. ಮತ್ತೊಬ್ಬರಿಗೆ ಹುಡುಗರನ್ನು ಚರ್ಚಿಗೆ ಕರೆತರುವ ದಾರಿ.

ನಾನು ನಂಬುವುದು ಇಷ್ಟು. ಸಂಗೀತ ದೇವರ ಕೊಡುಗೆ. ಮಳೆ, ಮಣ್ಣಿನ ಹಾಗೆ ಅದೂ ಸೃಷ್ಟಿಗೆ ಸೇರಿದ್ದು. ಅದನ್ನು ಪೂಜಿಸಬಾರದು, ಹೆದರಿ ದೂರ ಇಡಲೂ ಬಾರದು. ಇನ್ನು ಸಭೆಯೊಳಗೆ ಅದು ಎಲ್ಲರ ಬಾಯಿಗೂ ಸೇರಿದ್ದು, ಮೈಕ್ ಹಿಡಿದವರಿಗೆ ಮಾತ್ರ ಅಲ್ಲ. ಕೆಳಗಿನ ಉತ್ತರಗಳೆಲ್ಲ ಈ ನಂಬಿಕೆಯಿಂದಲೇ ಬಂದಿವೆ.

ಬೈಬಲ್‌ನಲ್ಲಿ ಸಂಗೀತದ ಬಗ್ಗೆ ನಿಜವಾಗಿ ಏನಿದೆ?

ಕಥೆಗಳು ಬಹಳ, ಕಟ್ಟಳೆಗಳು ಕಡಿಮೆ. ಮೊದಲ ಪುಸ್ತಕ ಆದಿಕಾಂಡದ 4ನೇ ಅಧ್ಯಾಯದಲ್ಲೇ ಕಿನ್ನರಿ, ಕೊಳಲು ನುಡಿಸುವವರ ಮೂಲಪುರುಷ ಯೂಬಾಲ ಬರುತ್ತಾನೆ. ಅವನು ಕಾಯಿನನ ವಂಶದವನು. ತಮ್ಮನನ್ನು ಕೊಂದವನ ಮನೆತನದಲ್ಲಿ ಹುಟ್ಟಿದ ವಾದ್ಯವನ್ನೇ ಮುಂದೆ ಅರಸ ದಾವೀದ ದೇವರಿಗಾಗಿ ನುಡಿಸಿದ. ಈ ಒಂದು ಸಂಗತಿ ನನಗೆ ಬಹಳ ಧೈರ್ಯ ಕೊಟ್ಟಿದೆ.

1 ಪೂರ್ವಕಾಲವೃತ್ತಾಂತ 25ರಲ್ಲಿ ದೇವಾಲಯದ ಸೇವೆಗೆ ತರಬೇತಾದ 288 ಗಾಯಕರ ಲೆಕ್ಕ ಇದೆ. ಯೇಸು ಸ್ವಾಮಿ ಕಡೆಯ ಊಟ ಮುಗಿಸಿ, ಶಿಷ್ಯರ ಜೊತೆ ಹಾಡಿ, ಆಮೇಲೆ ಗುಡ್ಡಕ್ಕೆ ಹೋದರು (ಮತ್ತಾಯ 26:30). ಪೌಲ, ಸೀಲ ನಡುರಾತ್ರಿ ಜೈಲಿನಲ್ಲಿ ಹಾಡಿದರು. ಇನ್ನೊಂದು ಕಡೆಯೂ ಇದೆ. ಚಿನ್ನದ ಕರುವಿನ ಮುಂದೆಯೂ ಹಾಡು ಕುಣಿತ ನಡೆದಿತ್ತು (ವಿಮೋಚನಕಾಂಡ 32). ನ್ಯಾಯ ಇಲ್ಲದವರ ಹಾಡು ನನಗೆ ಬರೀ ಗದ್ದಲ ಅಂತ ದೇವರು ಪ್ರವಾದಿ ಆಮೋಸನ ಬಾಯಿಂದ ಹೇಳಿಸಿದರು (5:23). ಯಾವ ಧಾಟಿ, ಯಾವ ತಾಳ ಅಂತ ಎಲ್ಲೂ ಅಪ್ಪಣೆ ಇಲ್ಲ.

ಪ್ರಸಂಗನೇ (ಪಾದ್ರಿಗಳ ಉಪದೇಶ) ಮುಖ್ಯ, ಹಾಡು ಅದಕ್ಕೆ ಮುಂಚಿನ ತಯಾರಿ ಅಷ್ಟೇ ಅಲ್ವಾ?

ಅಲ್ಲ. ಕೊಲೊಸ್ಸೆ 3:16 ಓದಿ ನೋಡಿ. ಕೀರ್ತನೆ, ಹಾಡುಗಳಿಂದ ಒಬ್ಬರಿಗೊಬ್ಬರು ಕಲಿಸಿರಿ, ಬುದ್ಧಿ ಹೇಳಿರಿ ಅಂತಿದೆ. ಹಾಡೇ ಪಾಠ. ಗುಳೇದಗುಡ್ಡದ ಕಡೆ ಸೋಮವಾರ ಮಗ್ಗದ ಮುಂದೆ ಕುಳಿತು ಖಣ ನೇಯುವವರ ಬಾಯಲ್ಲಿ ಇರುವುದು ಭಾನುವಾರದ ಪಲ್ಲವಿ, ಪ್ರಸಂಗದ ಮೂರನೇ ಪಾಯಿಂಟ್ ಅಲ್ಲ. ಹಾಗಾಗಿ ಹಾಡಿನ ಸಾಹಿತ್ಯವನ್ನು ಪ್ರಸಂಗದಷ್ಟೇ ಎಚ್ಚರದಿಂದ ನೋಡಬೇಕು. ತಪ್ಪು ಪ್ರಸಂಗ ಒಂದು ವಾರಕ್ಕೆ ಮರೆತುಹೋಗಬಹುದು. ತಪ್ಪು ಹಾಡು ಮೊಮ್ಮಕ್ಕಳ ತನಕ ಬರುತ್ತದೆ.

ನನಗ ಹಾಡಾಕ ಬರಂಗಿಲ್ಲ. ಬಾಯಿ ಮುಚಗೊಂಡು ನಿಂತ್ರ ನಡೀತೈತೇನು?

ದಯವಿಟ್ಟು ಬಾಯಿ ಬಿಡಿ. ತಾಳಮಾನ ಗೊತ್ತಿಲ್ಲ, ಆದರೂ ಒಲಿದಂತೆ ಹಾಡುತ್ತೇನೆ ಅಂತ ಕೂಡಲಸಂಗಮದ ಬಸವಣ್ಣನವರು ತಮ್ಮ ದೇವರಿಗೆ ಹೇಳಿಕೊಂಡ ನೆಲ ಇದು. ಈ ಭಾಗದ ಕ್ರೈಸ್ತರಿಗೆ ಆ ಮಾತು ಅರ್ಥ ಮಾಡಿಸಬೇಕಾಗಿಲ್ಲ.

ಹಾಡಲು ಬರುವುದಿಲ್ಲ ಅನ್ನುವ ಎಷ್ಟೋ ಜನರಿಗೆ ತೊಂದರೆ ಇರುವುದು ಕಂಠದಲ್ಲಿ ಅಲ್ಲ, ನಾವು ಹಿಡಿದ ಶ್ರುತಿಯಲ್ಲಿ. ಯೂಟ್ಯೂಬ್‌ನ ಟ್ರ್ಯಾಕ್‌ಗಳು ಒಬ್ಬ ಒಳ್ಳೆಯ ಗಾಯಕನ ಕಂಠಕ್ಕೆ ಕೂಡಿಸಿದವು. ಅದನ್ನೇ ಸಭೆಯಲ್ಲಿ ಹಾಕಿದರೆ ಗಂಡಸರು ಮೇಲಿನ ಸ್ವರಕ್ಕೆ ಕೈಚೆಲ್ಲುತ್ತಾರೆ. ಎರಡು ಮನೆ ಇಳಿಸಿ ನೋಡಿ. ಆದರೆ ಮುಂದೆ ನಿಂತು ಹಾಡಿಸುವವರಿಗೆ ಈ ರಿಯಾಯಿತಿ ಇಲ್ಲ. ಜಾಣತನದಿಂದ ಬಾರಿಸಿರಿ ಅಂತ ಬೈಬಲ್‌ನ ಕೀರ್ತನೆಗಳ ಪುಸ್ತಕದ 33ನೇ ಕೀರ್ತನೆ ಹೇಳುತ್ತದೆ. ಅವರು ಪ್ರ್ಯಾಕ್ಟೀಸ್ ಮಾಡಲೇಬೇಕು.

## ವಾದ್ಯ, ಧಾಟಿ, ಭಾಷೆ

ಪೇಟಿ, ತಬಲಾ ಭಜನಿ ಮಂದಿ ವಾದ್ಯ. ಚರ್ಚಿನಾಗ ಆರ್ಗನ್ ಇರಬೇಕಲ್ಲ?

ಪೇಟಿಯ ಕಥೆ ಕೇಳಿದರೆ ಈ ಪ್ರಶ್ನೆ ಉಳಿಯುವುದಿಲ್ಲ. ಹಾರ್ಮೋನಿಯಂ ಹುಟ್ಟಿದ್ದು 19ನೇ ಶತಮಾನದ ಪ್ಯಾರಿಸ್‌ನಲ್ಲಿ. ಕಾಲಿನಿಂದ ತಿದಿ ಒತ್ತಿ ನುಡಿಸುವ ಆ ಪೆಟ್ಟಿಗೆ ಮಿಷನರಿಗಳ ಜೊತೆ ಇಲ್ಲಿಗೂ ಬಂತು. ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ಬದಲಿಸಿದರು. ಪರದೇಶದ್ದು, ಸ್ವರ ಜಾರಿಸಲು ಬಾರದ್ದು ಅಂತ ಆಕಾಶವಾಣಿ 1940ರಿಂದ 1971ರ ತನಕ ಅದನ್ನು ದೂರ ಇಟ್ಟಿತ್ತು. ಅದೇ ಹೊತ್ತಿನಲ್ಲಿ ಬೆಳಗಾವಿ ಪೇಟಿಯ ಊರಾಗಿ ಬೆಳೆಯಿತು. ಪಂಡಿತ ರಾಮಭಾವು ವಿಜಾಪುರೆ ಅಲ್ಲಿ ಎಷ್ಟೋ ತಲೆಮಾರಿಗೆ ಕಲಿಸಿದರು. ಚರ್ಚಿನಿಂದ ಭಜನೆಗೆ ಹೋದ ವಾದ್ಯ ಮತ್ತೆ ಚರ್ಚಿಗೆ ಬಂದಿದೆ, ಅಷ್ಟೇ.

ಆರ್ಗನ್ ಕೂಡ ಹುಟ್ಟಿನಿಂದ ಪವಿತ್ರ ಅಲ್ಲ. ಪ್ರಾಚೀನ ರೋಮಿನಲ್ಲಿ ಮಲ್ಲರ ಕಾಳಗದ ಆಟಗಳಲ್ಲಿ ಅದು ನುಡಿಯುತ್ತಿತ್ತು.

ರಾಗಗಳು ಹಿಂದೂ ದೇವರಿಗೆ ಸೇರಿದವಲ್ವಾ? ನಾವು ಬಳಸಬಹುದಾ?

ಬಳಸಬಹುದು. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಷಾ ರಾಗಗಳಿಗೆ ದಖನಿ ಉರ್ದುವಿನಲ್ಲಿ ಪದ ಕಟ್ಟಿದ, ಅದರಲ್ಲಿ ಸರಸ್ವತಿಯನ್ನೂ ಹಾಡಿದ, ಸೂಫಿ ಸಂತ ಗೇಸುದರಾಜರನ್ನೂ ಹಾಡಿದ. ನಮ್ಮ ಭಾಗದ ಹಿಂದೂಸ್ತಾನಿ ಗಾಯಕರಲ್ಲಿ ಎಷ್ಟೋ ಜನ ಮುಸ್ಲಿಂ ಉಸ್ತಾದರ ಶಿಷ್ಯಪರಂಪರೆಯವರು. ಸ್ವರಗಳನ್ನೇ ನೋಡಿದರೆ ಕಾಫಿ ಥಾಟಿನ (ಥಾಟ್ ಅಂದರೆ ರಾಗಗಳ ಮೂಲ ಸ್ವರಸಾಲು) ಏಳು ಸ್ವರಗಳು ಯುರೋಪಿನ ಹಳೆಯ ಮಠಗಳ ಡೋರಿಯನ್ ಮೋಡ್ ಅನ್ನುವ ಸ್ವರಸಾಲಿನವೇ. ಬಿಲಾವಲ್ ಅವರ ಮೇಜರ್ ಸ್ಕೇಲ್. ಬೆಳಗಾವಿಯ ಮರಾಠಿ ಸಭೆಗಳವರಿಗೆ ನಾರಾಯಣ ವಾಮನ ಟಿಳಕರ ಹೆಸರು ಗೊತ್ತು. 1895ರಲ್ಲಿ ದೀಕ್ಷಾಸ್ನಾನ ಪಡೆದ ಈ ಕವಿ ಕ್ರಿಸ್ತನ ಮೇಲೆ ಮರಾಠಿ ಸಂತರ ರೀತಿಯ ಭಕ್ತಿಪದಗಳನ್ನೇ, ಅಭಂಗಗಳನ್ನೇ ಬರೆದರು.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಒಂದು ಧಾಟಿ ಒಂದೇ ದೇವರ ಹಾಡಿಗೆ ಊರಿನವರ ಕಿವಿಯಲ್ಲಿ ಅಂಟಿಕೊಂಡಿದ್ದರೆ ಅದನ್ನು ಬಿಡಿ. ಅದೇ ರಾಗದಲ್ಲಿ ಬೇರೆ ಧಾಟಿ ಕಟ್ಟಿ.

ಹಲಗಿ ಚರ್ಚಿನೊಳಗೆ ತರಬಹುದಾ?

ಇದಕ್ಕೆ ನಮ್ಮ ಸಭೆಯಲ್ಲಿ ಇನ್ನೂ ಒಮ್ಮತ ಇಲ್ಲ. ನಾನೂ ಅವಸರದಿಂದ ಉತ್ತರ ಕೊಡುವುದಿಲ್ಲ.

ಹುಡುಗರ ವಾದ ಸರಳ. ನಮ್ಮ ನೆಲದ ವಾದ್ಯ, ಕೀರ್ತನೆ 150ರಲ್ಲಿ ದಮ್ಮಡಿ ಇದೆ, ಹಲಗಿ ಯಾಕಿಲ್ಲ? ಸರಿ. ಆದರೆ ನಮ್ಮ ಕಡೆ ಅನೇಕ ಕುಟುಂಬಗಳಿಗೆ ಹಲಗಿ ಬರೀ ವಾದ್ಯ ಅಲ್ಲ. ಊರಿನಲ್ಲಿ ಯಾರದೋ ಹೆಣ ಎದ್ದರೆ, ಜಾತ್ರೆ ಬಂದರೆ, ಕರೆದ ಕೂಡಲೇ ಹೋಗಿ ಬಾರಿಸಬೇಕಿತ್ತು. ಬಿಟ್ಟಿ ಚಾಕರಿ. ಬಾರಿಸಿದ ಮೇಲೆ ದೂರ ನಿಲ್ಲಬೇಕಿತ್ತು. ಹಾಗೆ ಬಾರಿಸಿದವರ ಮಕ್ಕಳು ನಮ್ಮ ಸಭೆಯ ಬೆಂಚುಗಳಲ್ಲಿ ಕುಳಿತಿದ್ದಾರೆ. ಒಬ್ಬ ಹಿರಿಯರು ಮೀಟಿಂಗಿನಲ್ಲಿ ಎದ್ದು ನಿಂತು, "ಅದನ್ನ ಬಿಟ್ಟು ಬಂದೀವಿ ತಮ್ಮಾ, ಮತ್ಯಾಕ ನನ್ನ ಕೊರಳಿಗೆ ಹಾಕ್ತಿ?" ಅಂದರು. ಯಾರೂ ಮಾತಾಡಲಿಲ್ಲ.

ಚರ್ಮದಲ್ಲಿ ದೆವ್ವ ಇದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಲಗಿ ತಂದರೆ ಜಾನಪದದ ಸೊಗಸು ಬರುತ್ತದೆ ಅಂತ ಅದನ್ನು ಎಂದೂ ಹೊರದವರು ಹೇಳುವುದನ್ನೂ ಒಪ್ಪುವುದಿಲ್ಲ. ತಮಿಳುನಾಡಿನಲ್ಲಿ ಮದುರೈನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯ ಥಿಯೊಫಿಲಸ್ ಅಪ್ಪಾವು ಜಾನಪದ ಧಾಟಿಯಲ್ಲಿ ಇಡೀ ಆರಾಧನಾ ಕ್ರಮವನ್ನೇ ಕಟ್ಟಿದರು. ಅವಮಾನದ ಗುರುತಾಗಿದ್ದ, ಹಲಗಿಯಂಥದ್ದೇ ವಾದ್ಯ ಪರೈ ಅಲ್ಲಿ ಅನೇಕರ ಕೈಯಲ್ಲಿ ಸ್ವಾಭಿಮಾನದ ವಾದ್ಯ ಆಗಿದೆ. ಇಲ್ಲಿಯೂ ಆಗಬಹುದು. ಆದರೆ ತೀರ್ಮಾನ ಅದನ್ನು ಹೊತ್ತವರ ಮನೆಯಿಂದ ಬರಬೇಕು, ಪೇಟಿ ನುಡಿಸುವ ನನ್ನಿಂದ ಅಲ್ಲ.

ಒಂದು ಈಸ್ಟರ್ ಬೆಳಿಗ್ಗೆ ಹುಡುಗರು ಮೆರವಣಿಗೆಗೆ ಹಲಗಿ ತಂದಿದ್ದರು. ಇಬ್ಬನಿಗೆ ಚರ್ಮ ಸಡಿಲಾಗಿ ಸದ್ದು ಬಡ್ಡಾಗಿತ್ತು. ಅದೇ ಹಿರಿಯರು ಹತ್ತಿರ ಬಂದರು. ಹಳೇ ಪೇಪರ್‌ಗೆ ಕಡ್ಡಿ ಗೀರಿ, ಹಲಗಿಯನ್ನು ಬೆಂಕಿಯ ಮೇಲೆ ತಿರುಗಿಸುತ್ತಾ ಕಾಯಿಸಿದರು. ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, "ಇನ್ನ ಸ್ವಲ್ಪ" ಅಂದರು. ಮತ್ತೆ ಕಾಯಿಸಿದರು. ಸದ್ದು ಖಣ್ ಅಂದ ಮೇಲೆ ಹುಡುಗನ ಕೈಗೆ ಕೊಟ್ಟು ಒಳಗೆ ಹೋಗಿ ಕುಳಿತರು. ತಾವು ಬಾರಿಸಲಿಲ್ಲ.

ಹಳೇ ಇಂಗ್ಲಿಷ್ ಧಾಟಿಯ ಹಾಡುಗಳು ಕನ್ನಡದಲ್ಲಿ ಹಾಡುವಾಗ ಯಾಕೆ ತೊಡರುತ್ತವೆ?

ಗುರು ಲಘುವಿನ ಕಾರಣಕ್ಕೆ. ಇಂಗ್ಲಿಷ್ ಹಾಡು ಒತ್ತಿನ ಮೇಲೆ ನಡೆಯುತ್ತದೆ, ಕನ್ನಡ ಮಾತ್ರೆಯ ಮೇಲೆ. ನಮ್ಮಲ್ಲಿ ಸ್ವರ ಎಳೆದರೆ ಅರ್ಥವೇ ಬೇರೆ. ಶನಿವಾರದ ಪ್ರ್ಯಾಕ್ಟೀಸಿನಲ್ಲಿ "ನಿನ್ನ ಬಲ" ಅನ್ನುವ ಸಾಲು ಬಂತು. "ಬ" ಮೇಲೆ ಉದ್ದ ಸ್ವರ ಕೂತಿತ್ತು. ಹಾಡಿದ ಕೂಡಲೇ ಸಂಡೆ ಸ್ಕೂಲ್ ಮಕ್ಕಳು ನಗತೊಡಗಿದರು. ಅವರಿಗೆ ಕೇಳಿಸಿದ್ದು "ನಿನ್ನ ಬಾಲ". ಮಕ್ಕಳನ್ನು ಗದರಿಸಲು ಹೋದವನು ನಿಂತೆ. ಅವರ ಕಿವಿ ಸರಿ ಇತ್ತು. ಮನ ಮಾನ ಆಗುತ್ತದೆ, ಕರ ಕಾರ ಆಗುತ್ತದೆ. ಪದದ ನಡುವೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದು "ಕುಮಾರ" ಎರಡು ತುಂಡಾಗುತ್ತದೆ.

ಇದು ಹಳೆಯ ಮಿಷನರಿಗಳಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತಿತ್ತು. ಬಾಸೆಲ್ ಮಿಷನ್‌ನ ಫರ್ಡಿನಾಂಡ್ ಕಿಟೆಲ್ 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಹಾಡುಗಬ್ಬದ ರೀತಿಯಲ್ಲಿ ಬರೆದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1894ರ ನಿಘಂಟಿನಿಂದ ಅವರನ್ನು ನೆನೆಯುತ್ತೇವೆ, ಛಂದಸ್ಸಿನ ಈ ಕೆಲಸ ಅಷ್ಟಾಗಿ ಯಾರಿಗೂ ನೆನಪಿಲ್ಲ. ಜನರ ಮಾತಿನ ಲಯ ಕಲಿಯುವುದು ಅವರನ್ನು ಪ್ರೀತಿಸುವ ಒಂದು ರೀತಿ ಅಂತ ನಾನು ನಂಬುತ್ತೇನೆ. ವಾಕ್ಯ ಶರೀರಧಾರಿ ಆಯಿತು ಅಂತ ಸಾರುವವರು ಕನ್ನಡದ ಮಾತನ್ನು ಮುರಿದು ಹಾಡಬಾರದು.

ಹಳೆಯ ಹಾಡುಗಳನ್ನು ಬಿಸಾಡಿ ಅಂತಲ್ಲ. ಅಜ್ಜ ಅಜ್ಜಿಯರು ಅವುಗಳ ಮೇಲೇ ಬದುಕು ಸಾಗಿಸಿದ್ದಾರೆ. ತೊಡರುವ ಕಡೆ ಒಂದು ಪದ ಬದಲಿಸಿ, ಅಥವಾ ಸ್ವರವನ್ನು ಎರಡಾಗಿ ಒಡೆಯಿರಿ.

ಸಿನಿಮಾ ಧಾಟಿಗೆ ಯೇಸುವಿನ ಹಾಡು ಕಟ್ಟಿದರೆ ತಪ್ಪೇನು? ಲೂಥರ್ ಹೆಂಡದಂಗಡಿ ಹಾಡು ಬಳಸಿದ್ದರಂತಲ್ಲ?

16ನೇ ಶತಮಾನದ ಜರ್ಮನಿಯ ಚರ್ಚ್ ಸುಧಾರಕ ಲೂಥರ್ ಅವರ ಆ ಕಥೆ ಅಷ್ಟು ಸರಿ ಇಲ್ಲ. ಅವರ ಒಂದು ಕ್ರಿಸ್ಮಸ್ ಹಾಡು ಮೊದಲು ಊರ ಮಂದಿಯ ಒಗಟಿನ ಹಾಡಿನ ಧಾಟಿಯಲ್ಲಿತ್ತು, ನಿಜ. ಆದರೆ 1539ರ ಹೊತ್ತಿಗೆ ಅದಕ್ಕೆ ಹೊಸ ಧಾಟಿ ಬಂತು. ಹಳೆಯ ಧಾಟಿ ಹಳೆಯ ಜಾಗವನ್ನೇ ನೆನಪಿಸುತ್ತದೆ. ನಮ್ಮಲ್ಲೂ ಹಾಗೇ. ಧಾಟಿ ಕೇಳಿದ ಕೂಡಲೇ ಹೀರೋ ಕಣ್ಣ ಮುಂದೆ ಬಂದರೆ ಕ್ರಿಸ್ತನಿಗೆ ಜಾಗ ಎಲ್ಲಿ? ಜೊತೆಗೆ ಆ ಧಾಟಿ ಇನ್ನೊಬ್ಬರ ದುಡಿಮೆ. ಆರಾಧನೆಯಲ್ಲಿ ಹಾಡು ಹಾಡುವುದಕ್ಕೆ ನಮ್ಮ ಕಾಪಿರೈಟ್ ಕಾಯ್ದೆ ವಿನಾಯಿತಿ ಕೊಟ್ಟಿದೆ. ಧಾಟಿ ಎತ್ತಿಕೊಂಡು ಬೇರೆ ಸಾಹಿತ್ಯ ಕೂಡಿಸಿ ಯೂಟ್ಯೂಬ್‌ಗೆ ಹಾಕುವುದು ಬೇರೆ ಮಾತು.

## ಮನಸ್ಸು, ದುಃಖ, ಹೊಟ್ಟೆಪಾಡು

ಹಾಡುವಾಗ ಮೈ ಜುಮ್ ಅಂತದೆ, ಕಣ್ಣೀರು ಬರುತ್ತದೆ. ಅದು ಪವಿತ್ರಾತ್ಮನೇ ತಾನೆ?

ಇರಬಹುದು. ಆದರೆ ಮೈ ಜುಮ್ ಅನ್ನುವುದು ಕಬಡ್ಡಿ ಮ್ಯಾಚಿನಲ್ಲೂ ಆಗುತ್ತದೆ. ಕಣ್ಣೀರು ಒಂದೇ ಸಾಕ್ಷಿ ಅಲ್ಲ.

ಅರಸ ಸೌಲನ ಕಥೆಯನ್ನು ಪೂರ್ತಿ ಓದಿ. 1 ಸಮುವೇಲ 16ರಲ್ಲಿ ದಾವೀದ ಕಿನ್ನರಿ ನುಡಿಸಿದಾಗ ಸೌಲನಿಗೆ ಸಮಾಧಾನ ಆಗುತ್ತದೆ, ದುರಾತ್ಮ ಬಿಟ್ಟು ಹೋಗುತ್ತದೆ. ಇಷ್ಟನ್ನೇ ನಾವು ಎಲ್ಲ ಕಡೆ ಹೇಳುತ್ತೇವೆ. ಆದರೆ 18ನೇ ಅಧ್ಯಾಯದಲ್ಲಿ ಅದೇ ದಾವೀದ ಅದೇ ಕೈಯಿಂದ ನುಡಿಸುತ್ತಿರುವಾಗಲೇ ಸೌಲ ಭರ್ಜಿ ಎಸೆಯುತ್ತಾನೆ. ನುಡಿಸುವವನು ಅವನೇ, ಕೇಳುವವನೂ ಅವನೇ. ಸಂಗೀತ ಸ್ವಿಚ್ ಒತ್ತಿದರೆ ಹತ್ತುವ ದೀಪ ಅಲ್ಲ. ಕೇಳುವವನ ಹೊಟ್ಟೆಕಿಚ್ಚು ಹಾಗೇ ಇದ್ದರೆ ಎಂಥ ಕಿನ್ನರಿಯೂ ಅವನನ್ನು ಬದಲಿಸುವುದಿಲ್ಲ.

ಸಂತ ಅಗಸ್ಟೀನ್ ಕೂಡ ಇದೇ ಚಿಂತೆಯಲ್ಲಿದ್ದರು. ಹಾಡಿನ ಮಾತಿಗಿಂತ ಹಾಡಿದ ಕಂಠಕ್ಕೇ ಮನಸ್ಸು ಕರಗಿದಾಗ ಪಾಪ ಮಾಡಿದೆ ಅಂತ ಒಪ್ಪಿಕೊಂಡರು. ಆದರೂ ಹಾಡು ಬೇಡ ಅನ್ನಲಿಲ್ಲ. ನಂಬಿಕೆಗೆ ಬಂದ ಹೊಸದರಲ್ಲಿ ಸಭೆಯ ಹಾಡು ಕೇಳಿ ತಾವು ಅತ್ತದ್ದು ಅವರಿಗೆ ನೆನಪಿತ್ತು. ಲೈಟ್ ಆರಿಸಿ, ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಕೀಬೋರ್ಡ್ ನಾದ) ಹಾಕಿ, ಒಂದೇ ಸಾಲನ್ನು ಇಪ್ಪತ್ತು ಸಲ ಹಾಡಿಸಿ ಜನರನ್ನು ಅಳಿಸಲು ನನಗೂ ಬರುತ್ತದೆ. ಹಾಗೆ ಅಳಿಸುವುದು ಅವರ ಮೇಲೆ ಮಾಡುವ ಬಲವಂತ.

ಸಾವಿನ ಮನಿಯಾಗ, ಕಷ್ಟದಾಗ ಖುಷಿ ಹಾಡೇ ಹಾಡಬೇಕೇನ್ರಿ? ಅತ್ತರ ನಂಬಿಕಿ ಇಲ್ಲ ಅಂತಾರ.

ಹಾಗೆ ಅನ್ನುವವರು ಕೀರ್ತನೆಗಳನ್ನು ಪೂರ್ತಿ ಓದಿಲ್ಲ. ಗೋಳಿಟ್ಟು ಹಾಡಿದ ಕೀರ್ತನೆಗಳು ಅದರಲ್ಲಿ ಹೆಜ್ಜೆಹೆಜ್ಜೆಗೂ ಇವೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಆದರೂ ಅದನ್ನು ದೇವರ ಜನ ಹಾಡಿದರು.

ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಮಾಡಿದ ಕೆಲಸ, ಬಿಟ್ಟು ಹೋದ ಎತ್ತು, ಆಕಳು ಎಲ್ಲವೂ ಅದರಲ್ಲಿ ಬರುತ್ತವೆ. ಕ್ರೈಸ್ತರಾದ ಮೇಲೆ ಅದನ್ನು ಬಾಯಿ ಮುಚ್ಚಿಸಿದವರು ಇದ್ದಾರೆ. ನನಗೆ ಅದು ದೊಡ್ಡ ನಷ್ಟ ಅನ್ನಿಸುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರುಗಳಿಗೆ ನುಗ್ಗಿತು. ಮುಂದಿನ ಭಾನುವಾರ ಮನೆ ಕಳಕೊಂಡವರು ಮುಂದೆ ಕುಳಿತಿದ್ದಾಗ ನಾನು ರೂಢಿಯಂತೆ ಜೈಕಾರದ ಹಾಡು ಎತ್ತಿದೆ. ಎರಡನೇ ಚರಣಕ್ಕೆ ನನ್ನ ದನಿ ಒಂದೇ ಉಳಿಯಿತು. ಪೇಟಿ ಮುಚ್ಚಿದೆ. ಒಬ್ಬರು ಎದ್ದು ಕೀರ್ತನೆ 69 ಓದಿದರು, ನೀರು ಕುತ್ತಿಗೆಯ ತನಕ ಬಂದಿದೆ ಅನ್ನುವುದು. ಈಗ ತಿಂಗಳಿಗೊಮ್ಮೆಯಾದರೂ ಒಂದು ದುಃಖದ ಕೀರ್ತನೆ ಹಾಡುತ್ತೇವೆ, ಯಾರಿಗೂ ಏನೂ ಆಗಿರದಿದ್ದರೂ. ಆಗ ಬೇಕಾದ ದಿನ ಅದು ಬಾಯಲ್ಲಿ ಇರುತ್ತದೆ.

ನಾನು ಬ್ಯಾಂಡ್ ಸೆಟ್‌ನಲ್ಲಿ ಟ್ರಂಪೆಟ್ ಊದುತ್ತೇನೆ. ಬೆಳಗಾವಿಯ ಗಣಪತಿ ಮೆರವಣಿಗೆಗೆ ಹೋಗಬಹುದಾ?

ಅದು ನಿಮ್ಮ ಅನ್ನ. ಅದನ್ನು ಕಸಿಯುವ ಮಾತು ಸುಲಭವಾಗಿ ಆಡಬಾರದು. ಒಡೆಯನ ಜೊತೆ ರಿಮ್ಮೋನ ಅನ್ನುವ ಬೇರೆ ದೇವರ ಗುಡಿಗೆ ಹೋಗಬೇಕಾದ ಸೇನಾಪತಿ ನಾಮಾನನಿಗೆ ಪ್ರವಾದಿ ಎಲೀಷ "ಸಮಾಧಾನದಿಂದ ಹೋಗು" ಅಂದ (2 ಅರಸು 5). ಮೆರವಣಿಗೆಯಲ್ಲಿ ಊದುವುದಕ್ಕೂ ಪೂಜೆಯಲ್ಲಿ ಪಾಲು ತೆಗೆದುಕೊಳ್ಳುವುದಕ್ಕೂ ನಡುವೆ ಗೆರೆ ಎಲ್ಲಿದೆ ಅಂತ 1 ಕೊರಿಂಥ 8ರಿಂದ 10ರ ತನಕ ಓದಿ, ಪ್ರಾರ್ಥಿಸಿ ತೀರ್ಮಾನಿಸಿ. ಮನಸ್ಸು ಚುಚ್ಚಿದರೆ ಹೋಗಬೇಡಿ. ಹೋದವರನ್ನು ಸಭೆ ಕೀಳಾಗಿ ನೋಡಬಾರದು. ಮದುವೆ ಮನೆಯ ಸೋಬಾನ, ಲಾವಣಿ, ಒಳ್ಳೆಯ ಸಿನಿಮಾ ಹಾಡು ಕೇಳುವ ವಿಷಯಕ್ಕೂ ನನ್ನ ಉತ್ತರ ಹೆಚ್ಚುಕಡಿಮೆ ಇದೇ.

## ಸ್ವಲ್ಪ ಆಳದ ಪ್ರಶ್ನೆಗಳು

ಮಾತೇ ಇಲ್ಲದ ಸಂಗೀತ ಪ್ರಾರ್ಥನೆ ಆಗುತ್ತದಾ?

ಆಗುತ್ತದೆ. ಕೀರ್ತನೆಗಳಲ್ಲಿ "ಸೆಲಾ" ಅನ್ನುವ ಪದ 71 ಕಡೆ ಬರುತ್ತದೆ. ಅಲ್ಲಿ ಹಾಡು ನಿಂತು ವಾದ್ಯ ಮಾತ್ರ ನುಡಿಯುತ್ತಿತ್ತು ಅಂತ ಅನೇಕ ಪಂಡಿತರ ಅಭಿಪ್ರಾಯ. ಎಲೀಷ ಪ್ರವಾದನೆಗೆ ಮುಂಚೆ ವಾದ್ಯಗಾರನನ್ನು ಕರೆಸಿದ (2 ಅರಸು 3). ಜರ್ಮನಿಯ ಸಂಗೀತಗಾರ ಬಾಖ್ ತಮ್ಮ ಅನೇಕ ಸ್ವರಲಿಪಿಗಳ ಕೊನೆಗೆ "ದೇವರಿಗೆ ಮಾತ್ರ ಮಹಿಮೆ" ಅನ್ನುವುದರ ಮೂರು ಅಕ್ಷರ ಬರೆಯುತ್ತಿದ್ದರು. ಕಾಣಿಕೆ ಎತ್ತುವಾಗ ಪೇಟಿಯಲ್ಲಿ ಯಮನ್ ರಾಗದ ನಾಲ್ಕು ಸಾಲು ನುಡಿಸಿ ನೋಡಿ.

ಚೆಂದ ಅನ್ನುವುದು ಕೇಳುವವನ ಕಿವಿಯಲ್ಲಿದೆಯಾ, ದೇವರ ಸೃಷ್ಟಿಯಲ್ಲಾ?

ತಂಬೂರಿಯ ಹತ್ತಿರ ಕುಳಿತು ನೋಡಿ. ನಾಲ್ಕು ತಂತಿ. ಒಂದು ಪಂಚಮಕ್ಕೆ (ಪ), ಉಳಿದವು ಷಡ್ಜಕ್ಕೆ (ಸ). ನಿಧಾನ ಮೀಟುತ್ತಾ ಕಣ್ಣು ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಗಾಂಧಾರ (ಗ) ಕೇಳತೊಡಗುತ್ತದೆ. ಯಾರೂ ಅದನ್ನು ಮೀಟಿಲ್ಲ. ಖರ್ಜದ (ಕೆಳಗಿನ ಷಡ್ಜದ) ತಂತಿ ಇಡಿಯಾಗಿ ಅಲುಗುವಾಗಲೇ ಎರಡು, ಮೂರು, ನಾಲ್ಕು, ಐದು ಪಾಲಾಗಿಯೂ ಅಲುಗುತ್ತದೆ. ಐದನೆಯದೇ ಆ ಗಾಂಧಾರ. ಮೊದಲ ಸಲ ಕೇಳಿದ ದಿನ ನಾನು ಬಹಳ ಹೊತ್ತು ಎದ್ದಿರಲಿಲ್ಲ. ಆರನೇ ಶತಮಾನದ ರೋಮಿನ ಪಂಡಿತ ಬೊಯೆಥಿಯಸ್ ಸ್ವರಗಳ ಲೆಕ್ಕಗಳನ್ನು ಜಗತ್ತಿನ ಕ್ರಮದ ಜೊತೆಗೇ ಸೇರಿಸಿ ಬರೆದ. ನಾವು ಹುಟ್ಟಿಸದ ಒಂದು ಕ್ರಮ ನಾದದೊಳಗೆ ಇದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಈಗಿನ ಕೀಬೋರ್ಡ್ ಸಪ್ತಕವನ್ನು 12 ಸಮಪಾಲು ಮಾಡುತ್ತದೆ. ಹಾಗಾಗಿ ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಒಂದು ಎಳೆ ಮೇಲಿದೆ. ಅದು ಮನುಷ್ಯರು ಮಾಡಿಕೊಂಡ ಏರ್ಪಾಡು. ಮಣ್ಣು ದೇವರದು, ಹೊಲದ ಬದು ನಮ್ಮದು. ಒಂದು ನಾಡಿನ ಬದುವನ್ನೇ ದೇವರು ಹಾಕಿದ್ದು ಅಂತ ಇನ್ನೊಂದು ನಾಡಿನ ಮೇಲೆ ಹೇರಿದಾಗ ತಪ್ಪಾಗುತ್ತದೆ.

ಎಲ್ಲರೂ ಒಂದೇ ಬೈಬಲ್ ಓದುತ್ತೀರಿ. ಸಂಗೀತದ ವಿಷಯದಲ್ಲಿ ಯಾಕೆ ಇಷ್ಟು ಭಿನ್ನ?

ಒಬ್ಬೊಬ್ಬರ ಹೆದರಿಕೆ ಬೇರೆ ಬೇರೆ. 16ನೇ ಶತಮಾನದ ಚರ್ಚ್ ಸುಧಾರಕರನ್ನೇ ನೋಡಿ. ಜ್ಯೂರಿಕ್‌ನ ಝ್ವಿಂಗ್ಲಿ ಸ್ವತಃ ಒಳ್ಳೆಯ ವಾದಕ, ಆದರೆ ಆರಾಧನೆಯಿಂದ ಸಂಗೀತವನ್ನೇ ತೆಗೆದರು. ಜಿನೀವಾದ ಕಾಲ್ವಿನ್ ವಾದ್ಯ ಬಿಟ್ಟು ಎಲ್ಲರೂ ಒಂದೇ ದನಿಯಲ್ಲಿ ಕೀರ್ತನೆ ಹಾಡಲಿ ಅಂದರು. 1562ಕ್ಕೆ 150 ಕೀರ್ತನೆಗಳೂ ಹಾಡಾಗಿ ಬಂದವು. ಲೂಥರ್ ದೈವಶಾಸ್ತ್ರದ ಪಕ್ಕದಲ್ಲೇ ಸಂಗೀತಕ್ಕೆ ಜಾಗ ಕೊಟ್ಟರು. ರೋಮ್‌ನ ಕ್ಯಾಥೊಲಿಕ್ ಸಭೆ 1903ರಲ್ಲಿ ಚರ್ಚಿನೊಳಗೆ ಪಿಯಾನೊ ಬೇಡ ಅಂದಿತ್ತು. 1963ರ ಎರಡನೇ ವ್ಯಾಟಿಕನ್ ಸಭೆ ಮಿಷನ್ ನಾಡುಗಳ ಜನರ ಸ್ವಂತ ಸಂಗೀತಕ್ಕೆ ತಕ್ಕ ಜಾಗ ಸಿಗಲಿ ಅಂತ ತೀರ್ಮಾನಿಸಿತು. ಸಂಗೀತ ಒಂದೇ ಅಲ್ಲ, ಬೈಲಹೊಂಗಲದ ಕಡೆ ದೇಶನೂರಿನಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ಕಾವಿ ಉಟ್ಟು ವಿರಕ್ತ ಮಠದ ರೀತಿಯಲ್ಲೇ ಬಾಳಿದ್ದನ್ನು ನಮ್ಮವರು ನೋಡಿದ್ದಾರೆ. ನನಗೆ ಕಾಲ್ವಿನ್ ಅವರ "ಎಲ್ಲರೂ" ಬೇಕು, ಲೂಥರ್ ಅವರ ಸಂತೋಷವೂ ಬೇಕು.

ನುಡಿಸುವವರಿಗೆ ದುಡ್ಡು ಕೊಡಬೇಕಾ?

ಕೊಡಿ. ನೆಹೆಮೀಯ 13ರಲ್ಲಿ ಪಾಲು ಸಿಗದ ಗಾಯಕರು ಹೊಲಕ್ಕೆ ವಾಪಸ್ ಹೋಗಿದ್ದರು. ನೆಹೆಮೀಯ ಮುಖಂಡರನ್ನು ಗದರಿಸಿ ಅವರನ್ನು ಕರೆಸಿದ. ಬಸ್ ಚಾರ್ಜ್ ಆದರೂ ಕೊಡಿ.

ನಮ್ಮ ಸಭೆಯಲ್ಲಿ ಇದನ್ನೆಲ್ಲ ಎಲ್ಲಿಂದ ಶುರು ಮಾಡಬೇಕು?

ಮುಂದಿನ ಭಾನುವಾರ ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಕೊನೆಯ ಚರಣಕ್ಕೆ ಕೀಬೋರ್ಡ್, ಪ್ಯಾಡ್, ಮೈಕ್ ಎಲ್ಲ ನಿಲ್ಲಿಸಿ. ಜನರೇ ಹಾಡಲಿ, ನೀವು ಕೇಳಿ. ಯಾರು ಹಾಡುತ್ತಿಲ್ಲ, ಎಲ್ಲಿ ಉಸಿರು ಸಾಲುತ್ತಿಲ್ಲ, ಯಾವ ಪದ ನುಂಗಿಹೋಗುತ್ತಿದೆ, ಎಲ್ಲ ಗೊತ್ತಾಗುತ್ತದೆ.

ನಾವು ಮೊದಲ ಸಲ ಹಾಗೆ ಮಾಡಿದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರ ದನಿ ಕೇಳಿಸಿತು. ಪಲ್ಲವಿಯನ್ನು ಬೀಸುವ ಪದದ ಹಾಗೆ ಎಳೆದು, ಕೊನೆಯ ಸ್ವರ ಇಳಿಸಿ ಹಾಡುತ್ತಿದ್ದರು. ಎಷ್ಟು ವರ್ಷದಿಂದ ಹೀಗೆ ಹಾಡುತ್ತೀರಿ ಅಂತ ಕೇಳಿದೆ. "ಮೊದಲಿಂದನೂ ಹಂಗ ಐತಲ್ಲಪಾ" ಅಂದರು. ಈಗ ಆ ಹಾಡನ್ನು ಅವರ ಧಾಟಿಯಲ್ಲೇ ಹಾಡುತ್ತೇವೆ. ನಾನು ಪೇಟಿಯಲ್ಲಿ ಅದನ್ನು ಹಿಡಿಯಲು ಮೂರು ಶನಿವಾರ ಬೇಕಾಯಿತು.